ತೇಲುವ ಕಾಳು

ಬೆಕ್ಕುಗಳು ನನ್ನ ಹಿಂದೆ ಬರುವುದನ್ನು ಬಿಟ್ಟು
ಇವತ್ತಿಗೆ ಹತ್ತೊಂಬತ್ತು ದಿನ.

ಮೊದಲಾದರೆ ಕೂಡಿಗೆಯ ಶೆಡ್ಡಿನಿಂದ ಬಸ್‌ಸ್ಟ್ಯಾಂಡಿನವರೆಗೆ
ಮೂರು, ಒಮ್ಮೊಮ್ಮೆ ಐದು,
ಬಾಲ ನಿಗುರಿಸಿಕೊಂಡು ಮೆರವಣಿಗೆ.
ಮಂಗಳೂರಿನ ಲಾರಿ ಇಳಿಸಿಹೋದ ಮೀನುಪುಡಿ
ನನ್ನ ಜಡೆಯೊಳಗೆ, ಉಗುರಿನ ಸಂದಿಯಲ್ಲಿ,
ಟಿಫಿನ್ ಡಬ್ಬಿ ಮುಚ್ಚಳದ ರಬ್ಬರಿನಲ್ಲಿ.
ಬಸ್ಸಿನಲ್ಲಿ ಪಕ್ಕದ ಸೀಟು ಯಾವಾಗಲೂ ಖಾಲಿ.
ಕಂಡಕ್ಟರು ಚಿಲ್ಲರೆಗೆ ಕೈ ಚಾಚಿ
ಮುಖವನ್ನು ಕಿಟಕಿಗೆ ಕೊಡುತ್ತಿದ್ದ.

ಈಗ ಸೋಯಾ ಹಿಂಡಿ, ಕಡಲೆಕಾಯಿ ಹಿಂಡಿ,
ಎಳ್ಳಿನ ಹಿಂಡಿ, ಅಕ್ಕಿ ತೌಡು, ಜೋಳದ ಹಿಟ್ಟು.
ಗೋದಾಮು ಮದುವೆಮನೆ ಉಗ್ರಾಣದ ಹಾಗಿದೆ.
ಸಮುದ್ರದ ಮರಿಗಳನ್ನೆಲ್ಲ ಒಣಗಿಸಿ ಬೀಸಿ
ಕೆರೆಯ ಮೀನಿಗೆ ಉಣಿಸುವುದು ಯಾವ ನ್ಯಾಯ?
ಎಂದರು ರುಕಿಯಾ ಮೇಡಂ, ಕನ್ನಡಕ ಒರೆಸುತ್ತಾ.
ನ್ಯಾಯದ ಮಾತು ಸರಿ.
ಚೀಲಕ್ಕೆ ಇನ್ನೂರು ರೂಪಾಯಿ ಉಳಿಯುತ್ತದೆ ಅನ್ನುವುದನ್ನು
ಆಮೇಲೆ ಹೇಳಿದರು.

ನೂಪುಟ್ಟು ಒತ್ತಿ ಬೆಳೆದ ರಟ್ಟೆ ನನ್ನದು,
ಹಿಟ್ಟು, ಹಬೆ, ಅಚ್ಚು ಯಾವುದೂ ಹೊಸದಲ್ಲ.
ಮುಷ್ಟಿಯಲ್ಲಿ ಹಿಡಿದರೆ ನಿಲ್ಲಬೇಕು,
ಬೆರಳು ತಾಗಿದರೆ ಬಿರಿಯಬೇಕು.
ತೇವ ಇಪ್ಪತ್ತಾರು ಎಂದು ಮೀಟರು ಹೇಳಲಿ,
ನಾನು ಮುಷ್ಟಿಯನ್ನೇ ಕೇಳುತ್ತೇನೆ.

ಆದರೆ ಸೋಯಾದ ಹೊಟ್ಟೆಯಲ್ಲೊಂದು ಗುಟ್ಟಿದೆ:
ಹಸಿಯಾಗಿ ತಿಂದವರಿಗೆ ತಿಂದದ್ದು ದಕ್ಕಗೊಡದು.
ತನ್ನ ಮೊಳಕೆ ಕಾಯಲು ಬೀಜ ಹಾಕಿಕೊಂಡ ಬೀಗ.
ಅದನ್ನು ಒಡೆಯುವುದಕ್ಕೇ ಈ ಕೊಳವೆ,
ಒಳಗೆ ತಿರುಗುವ ತಿರುಪು,
ನೂರಿಪ್ಪತ್ತು ಡಿಗ್ರಿ, ಉಸಿರು ಕಟ್ಟುವ ಒತ್ತಡ.
ಅಚ್ಚಿನ ತೂತು ದಾಟಿದ ಕ್ಷಣ
ಹಿಡಿದಿಟ್ಟ ನೀರೆಲ್ಲ ಆವಿಯಾಗಿ ಹಾರಿ
ಕಾಳು ಉಬ್ಬುತ್ತದೆ, ಕತ್ತಿ ತುಂಡರಿಸುತ್ತದೆ.
ಉಬ್ಬಿದ್ದು ತೇಲುತ್ತದೆ. ಉಬ್ಬದ್ದು ಮುಳುಗುತ್ತದೆ.
ಪರೀಕ್ಷೆಗೆ ಬೇಕಾದದ್ದು ಒಂದು ಬಕೆಟ್ ನೀರು.

ಮೊದಲ ದಿನ ನೂರಕ್ಕೆ ನೂರೂ ಮುಳುಗಿತು.
ಎಂಜಿನಿಯರ್ ಮಾದಪ್ಪ ಬಕೆಟ್ಟಿನೊಳಗೆ ನೋಡುತ್ತಾ
ಸಾವಿನ ಮನೆಯಲ್ಲಿ ನಿಂತಂತೆ ನಿಂತರು.
ಕಡಲೆಕಾಯಿಯ ಎಣ್ಣೆ ಜಾಸ್ತಿಯಾಗಿತ್ತು.
ಐದನೆಯ ದಿನ ಹತ್ತಕ್ಕೆ ಎಂಟು ತೇಲಿ
ಮಿಕ್ಕೆರಡು ಯೋಚಿಸುತ್ತಾ ನಡುನೀರಿನಲ್ಲಿ ನಿಂತವು.
ಹನ್ನೊಂದನೆಯ ದಿನ ಎಲ್ಲವೂ.
ಒಂದನ್ನು ಬಾಯಿಗೆ ಹಾಕಿಕೊಂಡೆ.
ಉಪ್ಪು ಮರೆತ ಚಕ್ಕುಲಿ.

ಮೀನು ತಿನ್ನಬೇಕಲ್ಲ.

ಸುಂಟಿಕೊಪ್ಪದಾಚೆ, ಬೆಳ್ಯಪ್ಪನವರ ತೋಟದ ಕೆರೆ.
ಮಾರ್ಚಿಯಲ್ಲಿ ಕಾಫಿ ಹೂವಿಗೆ ನೀರು ಹಾರಿಸುವುದು ಇಲ್ಲಿಂದಲೇ.
ಕಾಟ್ಲಾ, ರೋಹು, ಸಾವಿರದಿನ್ನೂರು ಬಾಯಿ.
ಎರಚಿದೆವು.
ಕಾಳು ತೇಲುತ್ತಲೇ ಇತ್ತು, ತೇಲುತ್ತಲೇ ಇತ್ತು.
ಒಂದು ಮೀನು ಬಂದು ಮೂತಿಯಿಂದ ಮುಟ್ಟಿ
ಬಾಯೊಳಗೆ ಎಳೆದುಕೊಂಡು
ಉಗುಳಿತು.
ಮೀನೆಣ್ಣೆ ಎರಡು ಚಮಚ ಸವರಿದರೆ? ಎಂದೆ.
ಸುಳ್ಳು ವಾಸನೆಯಾ? ಅಂದರು ಮೇಡಂ.
ಸ್ವಲ್ಪ ಹೊತ್ತು ಬಿಟ್ಟು,
ಎರಡೋ, ಮೂರೋ?

ಅಷ್ಟರಲ್ಲಿ ಲೈನುಮನೆಯ ಕಡೆಯಿಂದ ಚಾತ ಬಂದ,
ಕೈಯಲ್ಲಿ ಹಳೇ ಡಾಲ್ಡಾ ಡಬ್ಬ.
ಹದಿನಾಲ್ಕು ವರ್ಷ ಈ ಕೆರೆಗೆ ತೌಡು ಹಾಕಿದವನು.
ನಮ್ಮನ್ನೇನೂ ಕೇಳಲಿಲ್ಲ.
ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು
ಬೆರಳ ಗೆಣ್ಣಿನಿಂದ ತಳಕ್ಕೆ ಬಡಿದ.
ಡಬ್ ಡಬ್, ಡಬ್.
ಡಬ್ ಡಬ್, ಡಬ್.

ಕೆರೆ ಕೊತಕೊತ ಕುದಿಯಿತು.
ಬಾಯಿಯ ಮೇಲೆ ಬಾಯಿ, ಬೆನ್ನ ಮೇಲೆ ಬೆನ್ನು,
ಒಂದು ಕಾಳೂ ಉಳಿಯಲಿಲ್ಲ.
ರುಚಿಗೆ ಬಂದವೋ, ಕರೆದದ್ದಕ್ಕೆ ಬಂದವೋ,
ವರದಿಯ ಫಾರಮ್ಮಿನಲ್ಲಿ ಅದಕ್ಕೆ ಕಾಲಂ ಇಲ್ಲ.
ಮೇಡಂ ‘ಉತ್ತಮ’ ಎಂದು ಬರೆದರು.
ಪೆನ್ನು ಮುಚ್ಚಿ, ಡಬ್ಬ ಎಷ್ಟಕ್ಕೆ ಕೊಡ್ತೀಯ? ಎಂದರು.
ತಕ್ಕೊಳ್ಳಿ, ಅಂದ ಚಾತ.
ಬಡಿಯೋದಕ್ಕೆ ಮಾತ್ರ ನಾನೇ ಬರ್ಬೇಕಾಗ್ತದೆ.

ಸಂಜೆ ಬಸ್‌ಸ್ಟ್ಯಾಂಡಿನ ಕಂಬದ ಕೆಳಗೆ
ಕಿವಿ ಹರಿದ ಆ ಕಪ್ಪು ಬೆಕ್ಕು.
ಸುತ್ತ ಯಾರಿಲ್ಲ ಅಂತ ನೋಡಿಕೊಂಡು
ಟಿಫಿನ್ ಡಬ್ಬಿಯ ತಳಕ್ಕೆ ಬಡಿದೆ,
ಡಬ್ ಡಬ್, ಡಬ್.

ಹರಿದ ಕಿವಿಯನ್ನೂ ಆಡಿಸಲಿಲ್ಲ.