ಇಟ್ಟ ನಕ್ಷತ್ರ

ಸಾಣಿಕಟ್ಟಾದ ಉಪ್ಪಿನಾಗರಕ್ಕೆ ಬೆನ್ನು ಕೊಟ್ಟ ಬಾಡಿಗೆ ಕೋಣೆ.
ಮಾರ್ಚಿನ ಹನ್ನೊಂದು ಗಂಟೆ. ಕಿಟಕಿಯಾಚೆ
ಚೌಕ ಚೌಕ ನೀರು, ಚೌಕ ಚೌಕ ಬಿಸಿಲು.
ಮೇಜಿನ ಮೇಲೆ, ಎಲ್ಲೋ ಬಯಲಲ್ಲಿ ನಿಂತ ತಟ್ಟೆಗಳು
ಒಂಬತ್ತು ತಾಸು ಕೇಳಿಸಿಕೊಂಡ ಆಕಾಶ:
ನಾನೂರು ಗಿಗಾಬೈಟು ಗುಜುಗುಜು.

ಬತ್ತಿಸಬೇಕು. ಒಳಗೂ ಹೊರಗೂ ಅದೇ ಕ್ರಿಯಾಪದ.

ಮೊದಲು ಕಸ: ಮೊಬೈಲು ಗೋಪುರ, ವಿಮಾನ,
ಯಾವನದೋ ಕೆಟ್ಟ ವೆಲ್ಡಿಂಗು. ಗುರುತು ಹಾಕಿ ಅಳಿಸು.
ಗೊತ್ತಿದ್ದ ತಾರೆಯೊಂದನ್ನು ಹಿಡಿದು
ಒಂದೊಂದೇ ತಟ್ಟೆಯ ಕಿವಿ ತಿದ್ದು.
ಕೊನೆಗುಳಿಯುವುದು ಅಂಗೈಯಗಲ ಚಿತ್ರ.

ಇದೆಲ್ಲ ಮಾಡುವ ತಂತ್ರಾಂಶ ನನ್ನದಲ್ಲ.
ಅದನ್ನು ನಂಬದಿರುವುದು ನನ್ನ ಕೆಲಸ,
ಸಂಬಳ ಅದಕ್ಕೇ.

ಹಾಗಾಗಿ ಒಂದು ಸುಳ್ಳು ನಕ್ಷತ್ರ ಮಾಡುತ್ತೇನೆ.
ಹೊಳಪು: ಒಂದು. ಜಾಗ: ಚೀಟಿಯಲ್ಲಿ ಬರೆದು ಮಡಚಿ,
ಗುಜುಗುಜಿನೊಳಗೆ ಹೂತು
ಗುಂಡಿ ಒತ್ತುತ್ತೇನೆ. ಹುಡುಕು.

ಸಿಕ್ಕಿತು. ಸೊನ್ನೆ ಬಿಂದು ಎಂಟು ಒಂದು.
ನೂರಕ್ಕೆ ಹತ್ತೊಂಬತ್ತು ಪಾಲು ಯಾರು ತಿಂದರು?
ಇನ್ನೊಮ್ಮೆ. ಸೊನ್ನೆ ಬಿಂದು ಎಂಟು ಒಂದು.
ಕಳ್ಳ, ಆದರೆ ನೇಮದ ಕಳ್ಳ.

ಹೊರಗೆ ಬೀರಮ್ಮ ಆಗೇರ, ಸೀರೆ ಮೊಣಕಾಲಿಗೆತ್ತಿ ಕಟ್ಟಿ,
ಸೊಂಟದ ಸಂಚಿಯಿಂದ ಹೊಂಗೆಬೀಜ ತೆಗೆದು
ಮೂರನೇ ಪಾತಿಗೆ ಬಿಟ್ಟಳು. ಮುಳುಗಿತು.
ಬಗ್ಗಿ ಎತ್ತಿ, ಸೆರಗಿಗೊರೆಸಿ, ನಾಲ್ಕನೆಯದಕ್ಕೆ.
ತೇಲಿತು.
"ಕಣ್ಣಿಗೆ ಎಲ್ಲಾ ನೀರೂ ಒಂದೇ ಕಾಣ್ತದೆ ಬಾಯಿ,
ಅದ್ಕೇ ಬೀಜದ ಹತ್ರ ಕೇಳುದು."

ಕಳ್ಳ ಸಿಕ್ಕಿದ್ದು ಶುಕ್ರವಾರ ರಾತ್ರಿ,
ಎರಡು ಸಾವಿರದ ನೂರಾ ನಲವತ್ತನೇ ಸಾಲಿನಲ್ಲಿ.
ಪಟ್ಟಿಯಲ್ಲಿ ಹೆಸರಿಲ್ಲದ ಬೆಳಕು ಬಂದರೆ
ಅದಕ್ಕೆ ಅದು ಬೆಳಕಲ್ಲ, ತಟ್ಟೆಗಳ ತಪ್ಪು.
ಹತ್ತು ಸೆಕೆಂಡಿಗೊಮ್ಮೆ ತಿದ್ದುತ್ತಿತ್ತು,
ತಿದ್ದಿ ತಿದ್ದಿ ಸವೆಸುತ್ತಿತ್ತು.

ಪುಣೆಯಿಂದ ಲೇಲೆಯವರ ಉತ್ತರ:
ಅದು ದೋಷವಲ್ಲ, ಸ್ವಭಾವ.
ಆರು ದಿನ ಜಗಳ. ನಕ್ಷೆಗಳು ಹೋದವು, ನಕ್ಷೆಗಳು ಬಂದವು.
ಏಳನೇ ದಿನ ಅವರೇ ತಿದ್ದಿದರು: ಅವಸರ ಬೇಡ,
ಹತ್ತು ನಿಮಿಷ ಕೇಳು, ಆಮೇಲೆ ಬೈ.

ಇವತ್ತು ಸೊನ್ನೆ ಬಿಂದು ಒಂಬತ್ತು ಒಂಬತ್ತು.
ಉಳಿದ ಒಂದು ಪಾಲು ಗಾಳಿಗೆ ಹೋಯಿತೆಂದುಕೊಂಡೆ
(ವರದಿಯಲ್ಲಿ ಬೇರೆ ಮಾತು ಬರೆದೆ).

ಇನ್ನು ಇಟ್ಟದ್ದನ್ನು ತೆಗೆಯಬೇಕು. ಮರೆತರೆ
ನಾಳೆ ಯಾರಾದರೂ ಅದಕ್ಕೆ ಹೆಸರಿಟ್ಟಾರು.
ಒಂದೇ ಸಾಲು. ಅಳಿಸಿದೆ.
ಅದಿದ್ದಲ್ಲಿ ಬೂದು, ಬೂದಿನ ಮೇಲೆ ಬೂದು.
ದಿನಾ ಮೊದಲು ಅಲ್ಲಿಗೇ ಹೋಗುತ್ತಿದ್ದ ಕಣ್ಣು
ಇವತ್ತೂ ಹೋಗಿ, ಸ್ವಲ್ಪ ನಿಂತು, ಬಂತು.

ನಾಲ್ಕನೇ ಪಾತಿಯ ಉಪ್ಪು ಎಂದೋ ರಾಶಿಗೆ ಸೇರಿದೆ.
ಬೀರಮ್ಮ ಬೀಜವನ್ನು ಎಲೆಯಡಿಕೆಯ ಪಕ್ಕ ತುರುಕಿ
ಸಂಚಿಯ ದಾರ ಎಳೆದು ಕೂಗಿದಳು,
"ನಿಮ್ದು ತೇಲ್ತಾ?"