ಕೇಳಿಸದ ಹಾಗೆ

ಗಣಿತದ ಮೇಷ್ಟ್ರು ಜವರಪ್ಪನವರಿಗೆ
ಪಿಯಾನೋ ನುಡಿಸುವವರು ಸಿಗಲಿಲ್ಲ ಮಂಡ್ಯದಲ್ಲಿ.
ಸಿಕ್ಕಿದ್ದು ನಾವು, ಓಲಗದವರು ಮೂರು ಜನ:
ನಾಗಸ್ವರಕ್ಕೆ ಮರಿನಂಜಯ್ಯ,
ಡೋಲಿಗೆ ನಮ್ಮ ಚಿಕ್ಕಪ್ಪ ಚೆಲುವಯ್ಯ,
ಶ್ರುತಿಪೆಟ್ಟಿಗೆಗೆ ನಾನು,
ಹನ್ನೊಂದು ವರ್ಷದಿಂದ ಒಂದೇ ಸ್ವರ ಹಿಡಿದು ಕೂತವಳು.

ಸಕ್ಕರೆ ಫ್ಯಾಕ್ಟರಿ ನೌಕರರ ಕ್ಲಬ್ಬು.
ಕೇರಂ ಬೋರ್ಡುಗಳನ್ನು ಗೋಡೆಗೆ ಆನಿಸಿ
ಬಿಳಿ ಬಟ್ಟೆ ಕಟ್ಟಿದ್ದರು.
ಕಿಟಕಿ ಮುಚ್ಚಿದರೂ ಕಾಕಂಬಿಯ ಹುಳಿವಾಸನೆ.
"ಮಾತಿಲ್ಲದ ಸಿನಿಮಾ, ನೂರು ವರ್ಷದ ಹಳೇದು,
ನೋಡ್ತಾ ನೋಡ್ತಾ ಬಾರಿಸಿ" ಅಂದರು ಮೇಷ್ಟ್ರು.
"ನೋಡ್ಕಂಡೇ ಅಲ್ವಾ ಸ್ವಾಮಿ ನಾವು ಬಾರ್ಸೋದು,
ಧಾರೆ ಆಯ್ತಾ, ಊಟ ಆಯ್ತಾ,
ದುಡ್ಡು ಕೊಡೋರು ಎಲ್ಲವ್ರೆ ಅಂತ."
ಚಿಕ್ಕಪ್ಪ ನಗದೆ ಹೇಳಿದ.

ದೀಪ ಆರಿತು.
ದಪ್ಪ ಪೊಲೀಸು, ಸಣಕಲ ಕಳ್ಳ, ಒಂದು ಏಣಿ.
ಅವನು ಬಿದ್ದ. ಡೋಲು ಧಿಂ ಅಂತು.
ಎದ್ದ, ಮತ್ತೆ ಬಿದ್ದ. ಈ ಸಲ ಡೋಲು ಮೊದಲು,
ಅವನು ಆಮೇಲೆ.
ಮುಂದಿನ ಸಾಲಿನ ಹುಡುಗರು ಬೆಂಚು ಗುದ್ದಿ ನಕ್ಕರು.

ಆ ಊರಲ್ಲಿ ಹಿಮ ಬೀಳುತ್ತಿತ್ತು.
ಮರಿನಂಜಯ್ಯ ಹಿಮ ಕಂಡವನಲ್ಲ.
ಅರೆಯುವ ತಿಂಗಳಲ್ಲಿ ಚಿಮಣಿಯಿಂದ ಇಳಿದು
ಒಣಹಾಕಿದ ಸೀರೆಗಳ ಮೇಲೆ ಕೂರುವ
ಕರಿಬೂದಿಯನ್ನು ನೆನೆಸಿಕೊಂಡನಂತೆ;
ನೀಲಾಂಬರಿ ನುಡಿಸಿದ.
ಬಿಳಿ ಆಯಿತು ಅದು, ಹೇಗೋ.

ಆಮೇಲೆ ಮದುವೆ. ಚರ್ಚು.
ಮೀಸೆ ತಿರುವಿದ ಮುದಿ ಗಂಡು,
ಕಿಟಕಿಯಾಚೆ ಮೂಗು ಒತ್ತಿ ನಿಂತ ಕಳ್ಳ,
ಬಿಳಿ ನಿಲುವಂಗಿಯ ಹುಡುಗಿ.
ಉಂಗುರ ಕಂಡದ್ದೇ ತಡ
ಹಿಂದಿನ ಬೆಂಚಿನಿಂದ ಯಾರೋ ಕೂಗಿದರು,
"ಗಟ್ಟಿಮೇಳ! ಗಟ್ಟಿಮೇಳ!"
ಹಾಲೆಲ್ಲ ನಗು.
ಚಿಕ್ಕಪ್ಪನ ಕೈ ಕೇಳಲಿಲ್ಲ, ನಡೆದೇಬಿಟ್ಟಿತು.
ನಲವತ್ತು ವರ್ಷದ ಕೈ ಅದು.

ಗಟ್ಟಿಮೇಳ ಯಾಕೆ ಅಂತ ಗೊತ್ತಲ್ಲ:
ತಾಳಿ ಬೀಳುವ ಹೊತ್ತಿಗೆ ಒಂದು ಸೀನು,
ಒಂದು ಹಲ್ಲಿ ಲೊಚಗುಟ್ಟಿದ್ದು, ಅಪಶಕುನದ ಮಾತು,
ಅಳು,
ಯಾವುದೂ ಕಿವಿಗೆ ಬೀಳಬಾರದು.

ಪರದೆ ತುಂಬ ಅವಳ ಮುಖ ಬಂತು.
ಬಾಯಿ ತೆರೆದಳು.

ಡೋಲು ನಿಂತಿತು.
ನಾಗಸ್ವರ ಎರಡು ಉಸಿರು ಮುಂದೆ ಹೋಗಿ
ಒಂಟಿಯಾದದ್ದು ತಿಳಿದು, ನಾಚಿ, ನಿಂತಿತು.
ಉಳಿದದ್ದು ನನ್ನ ಸ್ವರ.
ನಿಲ್ಲಿಸಬೇಕೋ ಬೇಡವೋ ಯಾರೂ ಹೇಳಲಿಲ್ಲ,
ತಿದಿ ಒತ್ತುತ್ತಲೇ ಇದ್ದೆ.
ಅದನ್ನು ಜನ ಕೇಳಿದ್ದು ಅವತ್ತೇ ಮೊದಲು;
ನಾನೂ.

ಅವಳು ಅಂದದ್ದಕ್ಕೆ ಅಕ್ಷರದ ಹಲಗೆ ಬರಲಿಲ್ಲ.
ಬಂದಿದ್ದರೆ ಮೇಷ್ಟ್ರು ಕನ್ನಡದಲ್ಲಿ ಕೂಗಿ ಹೇಳುತ್ತಿದ್ದರು.
ಬಾಯಿ ಮುಚ್ಚಿತು. ಏಣಿ ಬಂತು, ಪೊಲೀಸು ಬಂದ,
ಡೋಲು ಮತ್ತೆ ಧಿಂ.

ಚಹಾ ಕೊಡುತ್ತಾ ಜವರಪ್ಪನವರು ಅಂದರು:
"ಅಲ್ಲಿ ನಿಲ್ಲಿಸಿದಿರಲ್ಲ, ಅದು ಕಲೆ."
"ಕೋಲು ಜಾರ್ತು" ಅಂದ ಚಿಕ್ಕಪ್ಪ.

ಆಟೋ ಹಿಂದೆ, ಡೋಲು ತೊಡೆಯ ಮೇಲೆ,
ಕಬ್ಬಿನ ಗಾಡಿಗಳ ಸಾಲು ದಾಟುವವರೆಗೂ ಸುಮ್ಮನಿದ್ದ.
ಆಮೇಲೆ, "ಏನಂದಿರಬೌದು ಆ ಮೊಗ?"

ನನ್ನ ಧಾರೆಗೂ ಬಾರಿಸಿದ್ದು ಅವನೇ,
ಹನ್ನೆರಡು ವರ್ಷದ ಹಿಂದೆ.
ಪೆಟ್ಟಿಗೆಯ ಕೊಕ್ಕೆ ಸರಿಯಾಗಿಯೇ ಇತ್ತು,
ತೆಗೆದು ಮತ್ತೆ ಹಾಕಿದೆ.

ಗುರುವಾರ ಮದ್ದೂರಿನಲ್ಲಿ ಮುಹೂರ್ತ.
ಪುರೋಹಿತರು ಬೆರಳೆತ್ತಿ ಆಡಿಸಿದರು, ಗಟ್ಟಿಮೇಳ.
ಚಿಕ್ಕಪ್ಪ ಹೆಣ್ಣಿನ ಬಾಯನ್ನೇ ನೋಡುತ್ತಿದ್ದ.
ಒಂದು ಪೆಟ್ಟು ತಡವಾಯಿತು.
ಆ ಸಂದಿಯಲ್ಲಿ
ಯಾರದೋ ಮಗು
ನೀರು ಕೇಳಿತು.