ಒಂದು ಪಾಯಿಂಟ್ ಮೂರು ಏಳು

ಪುಣೆಯಿಂದ ಮೃಣ್ಮಯಿ ಕೇತ್ಕರ್ ಎಂಬ ಹುಡುಗಿ
ಬಹಳ ಮರ್ಯಾದೆಯಿಂದ ಬರೆದಿದ್ದಾಳೆ:
ಮೇಡಂ, ನಿಮ್ಮ ಮೂರು ಪ್ರಬಂಧಗಳಲ್ಲೂ
ಅರವತ್ತನಾಲ್ಕು ವಯಸ್ಸಿನ ಒಬ್ಬರಿದ್ದಾರೆ,
ಉಸಿರು ಮೂರು ಕಡೆಯೂ ಒಂದು ಪಾಯಿಂಟ್ ಮೂರು ಏಳು ಲೀಟರು.
ಇವರು ಮೂವರೋ,
ಒಬ್ಬರೋ?

ಪರೇಲಿನ ನಮ್ಮ ಎರಡನೆಯ ಮಹಡಿ. ಕಿಟಕಿಯಾಚೆ
ಗಿರಣಿಯ ಹೊಗೆಗೊಳವೆ ಇನ್ನೂ ಇದ್ದ ಕಾಲ.
ಧೋಂಡಿರಾಮ್ ಪಾಲಾಂಡೆ (ಹೆಸರು ಬದಲಿಸಿದ್ದೇನೆ,
ಅಷ್ಟರ ಮಟ್ಟಿಗೆ ನೀತಿವಂತರು ನಾವು)
ಕಾರ್ಡಿಂಗ್ ಖಾತೆಯಲ್ಲಿ ಇಪ್ಪತ್ತೊಂಬತ್ತು ವರ್ಷ
ಹತ್ತಿಯ ಧೂಳು ಕುಡಿದವರು,
ಸ್ಟೂಲಿನ ಮೇಲೆ ಕೂತು, ಟೋಪಿ ತೆಗೆದು ತೊಡೆಯ ಮೇಲಿಟ್ಟು
ನಾನು ಕೊಟ್ಟ ರಟ್ಟಿನ ಕೊಳವೆಯನ್ನು
ತುತ್ತೂರಿಯಂತೆ ತಿರುಗಿಸಿ ನೋಡಿದರು.
ಊದಿ ಕಾಕಾ, ಇನ್ನೂ, ಇನ್ನೂ, ಇನ್ನೂ...
ಕಣ್ಣಲ್ಲಿ ನೀರು ಬಂತು. ಕೆಮ್ಮಿದರು.
ಮತ್ತೆ ಊದಿದರು. ಮತ್ತೆ.

ಮೂರು ಸಲ ಊದಿಸಿ
ಚೆನ್ನಾಗಿ ಬಂದ ಒಂದನ್ನು ಬರೆದುಕೊಳ್ಳುವುದು ನಿಯಮ.
ನಾವು ಆ ಒಂದನ್ನು
ಮೂರು ಸಲ ಬರೆದೆವು.

ಮೊದಲನೆಯದರಲ್ಲಿ ನಲವತ್ತಾರು ಜನ, ನನ್ನದು ಎರಡನೇ ಹೆಸರು.
ಮರುವರ್ಷ ಅವರಿಗೇ ಹನ್ನೆರಡು ಜನ ಸೇರಿಸಿ
ಐವತ್ತೆಂಟು; ಶೀರ್ಷಿಕೆಯಲ್ಲಿ 'ಹೊಸ ಬೆಳಕು' ಎಂದಿತ್ತು.
ಆಮೇಲೆ ಅರವತ್ತು ದಾಟಿದವರನ್ನಷ್ಟೇ ಹೆಕ್ಕಿ ಮೂವತ್ತು,
ಬೇರೆ ಊರಿನ ಪತ್ರಿಕೆ, ಬೇರೆ ಬಣ್ಣದ ಗ್ರಾಫು.
ಒಂದರ ಅಡಿಟಿಪ್ಪಣಿಯಲ್ಲೂ ಇನ್ನೊಂದರ ಸುಳಿವಿಲ್ಲ,
ಆಸ್ತಿ ಜಗಳದ ಅಣ್ಣತಮ್ಮಂದಿರು
ಮದುವೆಮನೆಯಲ್ಲಿ ಎದುರಾದ ಹಾಗೆ.

ಗುಪ್ತೆ ಸರ್ ಒಳ್ಳೆಯವರು. ನಕ್ಕಿದ್ದರು:
"ಫೋಡಣೀಚಾ ಭಾತ್! ನಿಮ್ಮ ಕಡೆ ಏನಂತಾರೆ?"
ಚಿತ್ರಾನ್ನ, ಅಂದಿದ್ದೆ.
ಆ ವರ್ಷ ನನ್ನ ಬಡ್ತಿಗೆ ಎರಡು ಅಂಕ ಕಮ್ಮಿಯಿತ್ತು.

ತಂಗಳನ್ನಕ್ಕೆ ಒಗ್ಗರಣೆ ಹಾಕುವುದು ತಪ್ಪಲ್ಲ.
ಮಾಟುಂಗದ ಒಂದೇ ಕೋಣೆಯಲ್ಲಿ ಅಮ್ಮ ಎಷ್ಟು ಸಲ ಹಾಕಿದ್ದಾಳೆ,
ನಿನ್ನೇದು ಕಣ್ರೇ, ಎಂದು ಹೇಳಿಯೇ ಬಡಿಸಿದ್ದಾಳೆ.
ಬಡಿಸಿದ್ದು ಮೂರು ಸಲವೆಂದು
ಮೂರು ಸೇರು ಅಕ್ಕಿಯ ಲೆಕ್ಕ ಬರೆದವಳಲ್ಲ.

ಕೂಡಿಸಿ ನೋಡಿದೆ ಇವತ್ತು: ನೂರ ಮೂವತ್ತನಾಲ್ಕು.
ಮನುಷ್ಯರು ಐವತ್ತೆಂಟು.
ಉಳಿದ ಎಪ್ಪತ್ತಾರು ಜನ
ಹುಟ್ಟಿಲ್ಲ, ಕೆಮ್ಮಿಲ್ಲ, ಓಪಿಡಿಯ ಸಾಲಲ್ಲಿ ನಿಂತಿಲ್ಲ;
ಆದರೆ ಆ ಮಾತ್ರೆ ಒಳ್ಳೆಯದೆಂದು
ಎಲ್ಲರಿಗಿಂತ ಗಟ್ಟಿಯಾಗಿ ಸಾಕ್ಷಿ ಹೇಳುತ್ತಿದ್ದಾರೆ.
ಅವರನ್ನು ಎಬ್ಬಿಸಿ ಹೊರಗೆ ಕಳಿಸಿದರೆ
ಗುಣದ ಗೆರೆ ಜಾರಿ ಸೊನ್ನೆಯ ಮೇಲೆ ಕೂರುತ್ತದೆ.
ಇದು ಮೃಣ್ಮಯಿಯ ಲೆಕ್ಕ. ನಾನೂ ಹಾಕಿದೆ. ಸರಿಯಿದೆ.
ಅಷ್ಟರಲ್ಲಿ ಎಷ್ಟು ಚೀಟಿಗಳಲ್ಲಿ ಆ ಹೆಸರು,
ಭಿವಂಡಿಯ ಮಗ್ಗಗಳ ನಡುವೆ ಎಷ್ಟು ಎದೆಗಳಲ್ಲಿ ಆ ಪುಡಿ,
ಅದಕ್ಕೆ ನನ್ನ ಹತ್ತಿರ ಪಟ್ಟಿಯಿಲ್ಲ.

ಸುಳ್ಳೇನೂ ಬರೆದಿರಲಿಲ್ಲವಲ್ಲ,
ಅಂಕಿ ಅಂಕಿಯೂ ನಿಜವಲ್ಲ,
ಎಂದು ನನಗೆ ನಾನೇ ಹೇಳಿಕೊಳ್ಳುವಷ್ಟರಲ್ಲಿ
ಘಾಟ್ಕೋಪರ್ ಹೋಯಿತು, ಮುಲುಂಡ್ ಹೋಯಿತು.

ಒಂದು ಹೇಳಲು ಮರೆತೆ.
ಹೊರಡುವಾಗ ಅವರು ಆ ಕೊಳವೆ ಕೇಳಿದ್ದರು,
ಮೊಮ್ಮಗನಿಗೆ ಪೀಪಿಯಾಗುತ್ತದೆಂದು.
'ಒಮ್ಮೆ ಮಾತ್ರ ಬಳಸಿ' ಎಂದು ಅದರ ಮೇಲೆ ಅಚ್ಚಾಗಿತ್ತು.
ನಾನು ಬಲು ಕಟ್ಟುನಿಟ್ಟು. ಕೊಡಲಿಲ್ಲ.
ಅವರೆದುರೇ ಹಳದಿ ಡಬ್ಬಿಗೆ ಹಾಕಿದೆ.

ಠಾಣೆಯಲ್ಲಿ ಸೀಟು ಸಿಕ್ಕಿತು. ಬರೆದೆ:
ಒಬ್ಬರೇ.
ಮೂರೂ ಸಂಪಾದಕರಿಗೆ ನಾನೇ ತಿಳಿಸುತ್ತೇನೆ.
'ತಿಳಿಸುತ್ತೇನೆ' ಅಳಿಸಿ 'ತಿಳಿಸಬೇಕು' ಎಂದು ಮಾಡಿದೆ,
ಕಳವಾ ಬಂತು, ಮುಂಬ್ರಾ ಬಂತು,
ಅದನ್ನೂ ಅಳಿಸಿ ಮೊದಲಿನದನ್ನೇ ಇಟ್ಟೆ.
ದಿವಾದ ಹತ್ತಿರ ಮೇಲ್ ಹೋಯಿತು.
ನಾಳೆ ಗುಪ್ತೆ ಸರ್ ಬಾಗಿಲು ಮುಂದೆ ಮಾಡಿ ಮಾತಾಡುತ್ತಾರೆ.
ಆಡಲಿ.

ಡೊಂಬಿವಲಿಯ ನೂಕುನುಗ್ಗಲಲ್ಲಿ ಇಳಿಯುವಾಗ
ಬೆನ್ನ ಹಿಂದೆ ಯಾರೋ ಕೆಮ್ಮಿದರು.
ತಿರುಗುವ ಮೊದಲೇ
ಎಣಿಸಿದ್ದೆ: ಒಂದು.